ಚೀಟಿ ಕೆಳಗೆ ಬಿದ್ದ ಮೇಲೆ

ಅಧ್ಯಕ್ಷರೇ, ಹಿರಿಯರೇ, ನನ್ನ ಹಳೆಯ ವಿದ್ಯಾರ್ಥಿಗಳೇ,

ಮತದಾರರ ದಿನ ಎಂದರೆ ‘ತಪ್ಪದೆ ಮತ ಹಾಕಿ’ ಎಂದು ಹೇಳುವ ವಾಡಿಕೆ. ಕಾಸರಗೋಡಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಹಾಕಿದ ಮತ ಏನಾಯಿತು ಎಂದು ತಿಳಿಯುವ ಹಕ್ಕಿನ ಬಗ್ಗೆ ಇಂದು ಮಾತನಾಡುತ್ತೇನೆ.

2019ರ ಲೋಕಸಭಾ ಚುನಾವಣೆಯಲ್ಲಿ ಗುಡ್ಡದ ಬದಿಯ ಒಂದು ಶಾಲೆಯಲ್ಲಿ ನಾನು ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಆಗಿದ್ದೆ. ಬೆಳಕು ಹರಿಯುವ ಮೊದಲೇ ಪಕ್ಷಗಳ ಏಜೆಂಟರ ಎದುರು, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ. ಐವತ್ತು ಮತ ಒತ್ತಿ, ಪ್ರತಿ ಮತಕ್ಕೂ ಯಂತ್ರ ಮುದ್ರಿಸಿ ಪೆಟ್ಟಿಗೆಗೆ ಬೀಳಿಸುವ ವಿವಿಪ್ಯಾಟ್ ಚೀಟಿಗಳನ್ನು ತೆಗೆದು ಮಕ್ಕಳ ಬೆಂಚಿನ ಮೇಲೆ ಸಾಲಾಗಿ ಹರಡಿದೆವು. ಹೊರಗೆ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಹುಡುಗರು ಅಲ್ಲಿ ತಲೆಗೆ ತಲೆ ತಾಗಿಸಿ ಎಣಿಸಿದರು. ಯಂತ್ರದ ಲೆಕ್ಕವೂ ಚೀಟಿಯ ಲೆಕ್ಕವೂ ತಾಳೆಯಾಯಿತು. ಯಂತ್ರದ ಲೆಕ್ಕ ಅಳಿಸಿ, ಚೀಟಿಗಳ ಬೆನ್ನಿಗೆ ಮುದ್ರೆ ಒತ್ತಿ, ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡಿದೆವು. ಆ ಹುಡುಗರ ಮುಖದಲ್ಲಿ ಆಗ ಇದ್ದ ನೆಮ್ಮದಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಹತ್ತು ಗಂಟೆಯ ಸುಮಾರಿಗೆ ಒಬ್ಬರು ಅಜ್ಜಿ ಬಂದರು. ರಟ್ಟಿನ ಮರೆಯ ಹಿಂದೆ ಹೋದರು, ಯಂತ್ರ ಬೀಪ್ ಎಂದಿತು, ಅಜ್ಜಿ ಮಾತ್ರ ಹೊರಗೆ ಬರಲಿಲ್ಲ. ಸಾಲು ಗೊಣಗತೊಡಗಿತು. ಕೊನೆಗೆ ಬಂದವರು ನೇರವಾಗಿ ನನ್ನ ಮೇಜಿನ ಮುಂದೆ ನಿಂತು ತುಳುವಿನಲ್ಲಿ ಕೇಳಿದರು: “ಗಾಜಿನೊಳಗೆ ನನ್ನ ಗುರುತು ಕಂಡಿತು ಮಾಷ್ಟ್ರೇ, ಆಮೇಲೆ ಕೆಳಗೆ ಬಿತ್ತು. ಇನ್ನು ಅದನ್ನು ಯಾರು ನೋಡುತ್ತಾರೆ?”

ಏಳು ಸೆಕೆಂಡು ಕಾಣುವ ಆ ಚೀಟಿಯ ಬಗ್ಗೆ ತರಬೇತಿಯಲ್ಲಿ ಎಲ್ಲವನ್ನೂ ಕಲಿಸಿದ್ದರು. ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. “ಭದ್ರವಾಗಿರುತ್ತದೆ ಅಜ್ಜಿ” ಎಂದೆ. “ಭದ್ರವಾಗಿದ್ದರೆ ಆಯಿತೇ?” ಎಂದು ಅವರು ನಡೆದುಬಿಟ್ಟರು.

ನಿಜವಾದ ಉತ್ತರ ಇದು: ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳನ್ನು ಲಾಟರಿ ಎತ್ತಿ ಆರಿಸುತ್ತಾರೆ, ಆ ಐದರ ಚೀಟಿಗಳನ್ನಷ್ಟೇ ಎಣಿಸುತ್ತಾರೆ. ಅದಕ್ಕೂ ಮೊದಲು ಒಂದೇ ಇತ್ತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಐದು ಮಾಡಿತು.

ತಪ್ಪು ತಿಳಿಯಬೇಡಿ, ಯಂತ್ರದಲ್ಲಿ ಕಳ್ಳ ಕುಳಿತಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಈ ಯಂತ್ರಕ್ಕೆ ಇಂಟರ್ನೆಟ್ ಇಲ್ಲ. ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ಅದು ತೆಗೆದುಕೊಳ್ಳುವುದಿಲ್ಲ. ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮತಪತ್ರಕ್ಕೆ ಮುದ್ರೆ ಒತ್ತುತ್ತಿದ್ದ ಕಾಲವನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಯಂತ್ರ ಸರಿಯಾಗಿರುವುದು ಒಂದು, ಸರಿಯಾಗಿದೆ ಎಂದು ಆ ಅಜ್ಜಿಗೆ ಕಾಣಿಸುವುದು ಇನ್ನೊಂದು. 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಇದನ್ನೇ ಹೇಳಿತು. ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯನೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು ಎಂದು ಹೇಳಿ, ಅಲ್ಲಿ ಬಳಸಿದ ಮತಯಂತ್ರಗಳ ಬಳಕೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಅಲ್ಲಿ ಕಾಗದದ ಚೀಟಿಯೇ ಇರಲಿಲ್ಲ. ನಮ್ಮಲ್ಲಿ ಚೀಟಿ ಇದೆ! ಮುದ್ರಿಸುತ್ತೇವೆ, ಕಾಪಾಡುತ್ತೇವೆ, ಬಹುಪಾಲನ್ನು ಎಣಿಸುವುದಿಲ್ಲ.

ಯಂತ್ರದ ಕಥೆ ಶುರುವಾದದ್ದೇ ನಮ್ಮ ಕೇರಳದಲ್ಲಿ. 1982ರಲ್ಲಿ ಪರವೂರು ವಿಧಾನಸಭಾ ಕ್ಷೇತ್ರದ ಐವತ್ತು ಮತಗಟ್ಟೆಗಳಲ್ಲಿ ಮೊದಲ ಬಾರಿ ಬಳಸಿದರು. ಗೆಲುವಿನ ಅಂತರ 123 ಮತ. ಆಗಿನ ಕಾನೂನಿನಲ್ಲಿ ಯಂತ್ರಕ್ಕೆ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಆ ಐವತ್ತರಲ್ಲಿ ಮರುಮತದಾನ ಮಾಡಿಸಿತು. ಸೋತಿದ್ದವರು ಗೆದ್ದರು. ನಮ್ಮ ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರ ಅಂತರ ಎಷ್ಟು? ಸಭೆಯೇ ಹೇಳುತ್ತಿದೆ: 89. ಅಲ್ಲಿನ ತಕರಾರು ಸತ್ತವರ, ವಿದೇಶದಲ್ಲಿದ್ದವರ ಹೆಸರಿನ ಮತಗಳದ್ದು, ಯಂತ್ರದ್ದಲ್ಲ. ಅಂತರ 89 ಆದಾಗ ಯಾವ ಅನುಮಾನವೂ ಸಣ್ಣದಲ್ಲ ಎಂಬುದನ್ನು ನಾವು ವರ್ಷಗಟ್ಟಲೆ ಅನುಭವಿಸಿದೆವು.

2024ರ ಏಪ್ರಿಲ್‌ನಲ್ಲಿ ನಮ್ಮ ಕಾಸರಗೋಡಿನ ಹೆಸರೇ ದಿಲ್ಲಿಯಲ್ಲಿ ಕೇಳಿಬಂತು. ಅಣಕು ಮತದಾನದಲ್ಲಿ ಒಂದು ಪಕ್ಷಕ್ಕೆ ಹೆಚ್ಚು ಚೀಟಿ ಬಂದಿತೆಂಬ ದೂರು ಸುಪ್ರೀಂ ಕೋರ್ಟಿನಲ್ಲಿ ಪ್ರಸ್ತಾಪವಾಯಿತು. ಆ ವರದಿ ಸುಳ್ಳು ಎಂದು ಚುನಾವಣಾ ಆಯೋಗ ತಿಳಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಾಲಯ ತಳ್ಳಿಹಾಕಿದ್ದು ಏಪ್ರಿಲ್ 26ರಂದು, ನಾವು ಇಲ್ಲಿ ಬಿಸಿಲಲ್ಲಿ ಸಾಲು ನಿಂತ ದಿನವೇ. ತೀರ್ಪಿಗೆ ತಲೆಬಾಗುತ್ತೇನೆ. ಅಜ್ಜಿಯ ಪ್ರಶ್ನೆಯನ್ನು ಬಿಡಲಾರೆ. ಎಲ್ಲವನ್ನೂ ಎಣಿಸಲು ತಡವಾಗುತ್ತದೆ ಎಂದಾದರೆ, ಅಂತರ ಕಡಿಮೆ ಇರುವ ಕ್ಷೇತ್ರಗಳಲ್ಲಾದರೂ ಎಣಿಸಲಿ. ಫಲಿತಾಂಶಕ್ಕೆ ಇನ್ನೊಂದು ದಿನ ಕಾದರೆ ಏನು ಮುಳುಗಿಹೋಗುತ್ತದೆ? ಬೆಂಚಿನ ಮೇಲೆ ಚೀಟಿ ಎಣಿಸಿದ ಆ ಹುಡುಗರ ಮುಖದ ನೆಮ್ಮದಿ ಸೋತ ಅಭ್ಯರ್ಥಿಗೂ ಸಿಗಲಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಗಲ್ಫ್‌ನಲ್ಲಿರುವ ನಮ್ಮ ಮಕ್ಕಳ ಮತದ ಬಗ್ಗೆ, ಮೊಬೈಲಿನಲ್ಲೇ ಮತ ಹಾಕುವ ಆಸೆಯ ಬಗ್ಗೆ ಹೇಳುವುದಿತ್ತು. ಚೀಟಿಯೇ ಇಲ್ಲದ ಕಡೆ ಎಣಿಸುವುದೇನನ್ನು ಎಂದಷ್ಟೇ ಕೇಳಿ ಬಿಡುತ್ತೇನೆ.

ಒಂದು ಕೆಲಸದ ಮಾತು. ಮತದಾನ ಮುಗಿದ ಮೇಲೆ ಎಷ್ಟು ಮತ ಬಿದ್ದಿದೆ ಎಂದು ಬರೆದ 17ಸಿ ನಮೂನೆಯ ಪ್ರತಿಯನ್ನು ಏಜೆಂಟರಿಗೆ ಕೊಡಬೇಕು. ಬಸ್ ತಪ್ಪುತ್ತದೆಂದು ಅದನ್ನು ಪಡೆಯದೆ ಓಡುವವರನ್ನು ಕಂಡಿದ್ದೇನೆ. ಎಣಿಕೆಯ ದಿನ ತಾಳೆ ನೋಡಲು ನಿಮ್ಮ ಕೈಯಲ್ಲಿರುವುದು ಆ ಹಾಳೆ. ಖಾಲಿ ನಮೂನೆಗಳನ್ನು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿವೆ. ಮುಂದಿನ ಸಲ ಏಜೆಂಟರಾಗಿ ಕೂರುವವರು ಒಂದೊಂದು ತೆಗೆದುಕೊಳ್ಳಿ. ತುಂಬುವುದು ಹೇಗೆಂದು ಚಹಾ ಕುಡಿಯುತ್ತಾ ತೋರಿಸುತ್ತೇನೆ.