ಉದ್ಯಮ್ ನೋಂದಣಿಗೆ ದುಡ್ಡು ಕೊಡಬೇಡಿ

ಕೇಳುಗರಿಗೆ ನಮಸ್ಕಾರ. ಮುಂಬೈ, ಠಾಣೆ, ಡೊಂಬಿವಲಿ ಕಡೆ ಸಣ್ಣ ಅಂಗಡಿ, ಖಾನಾವಳಿ, ಹೊಲಿಗೆ ಮೆಷಿನ್ ಇಟ್ಟುಕೊಂಡು ದುಡಿಯುವ ನಮ್ಮವರಿಗೆ ಇವತ್ತು ಒಂದೇ ಮಾತು ಹೇಳಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಫ್ರೀ. ಯಾರಿಗೂ ದುಡ್ಡು ಕೊಡಬೇಡಿ.

2020ರ ಜುಲೈ 1ರಿಂದ ಈ ವ್ಯವಸ್ಥೆ ಇದೆ. ಆಧಾರ್, ಪ್ಯಾನ್, ಜಿಎಸ್‌ಟಿ ಇದ್ದರೆ ಅದರ ನಂಬರ್, ಮುಖ್ಯವಾಗಿ ಇವನ್ನು ಕೇಳುತ್ತದೆ. ಒಂದು ಕಾಗದವನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ.

ಡೊಂಬಿವಲಿಯಲ್ಲಿ ಚಕ್ಕುಲಿ, ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುವ ಒಬ್ಬರು ಅಕ್ಕ ನನ್ನ ಆಫೀಸಿಗೆ ಬಂದಿದ್ದರು. "ಸರ್, ಈ ವರ್ಷದ ರಿನ್ಯೂವಲ್‌ಗೆ ಮೂರು ಸಾವಿರ ಕೇಳ್ತಿದ್ದಾರೆ, ಸ್ವಲ್ಪ ಕಡಿಮೆ ಮಾಡಿಸ್ತೀರಾ?" ಯಾವುದರ ರಿನ್ಯೂವಲ್ ಅಂತ ನೋಡಿದರೆ ಉದ್ಯಮ್ ಸರ್ಟಿಫಿಕೇಟ್! ಅದಕ್ಕೆ ರಿನ್ಯೂವಲ್ಲೇ ಇಲ್ಲ. ಒಮ್ಮೆ ಮಾಡಿಸಿದರೆ ಮುಗಿಯಿತು. ಆ ಏಜೆಂಟ್ ವರ್ಷಾವರ್ಷ ಅದೇ ಹಾಳೆಯನ್ನು ಪ್ರಿಂಟ್ ಹಾಕಿ ಕೊಡುತ್ತಿದ್ದ. ಅಕ್ಕನ ಫೋನಿನಲ್ಲೇ ಓಟಿಪಿ ಹಾಕಿ ಸರ್ಟಿಫಿಕೇಟ್ ತೆರೆದು ತೋರಿಸಿದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, "ಇದರಿಂದ ನಂಗೇನು ಲಾಭ?"

ಒಳ್ಳೆ ಪ್ರಶ್ನೆ ಅಲ್ವಾ? ಅವರ ಬಿಲ್ಲನ್ನು ಒಂದು ಅಂಗಡಿ ತಿಂಗಳುಗಟ್ಟಲೆ ಬಾಕಿ ಇಟ್ಟಿತ್ತು. ಉದ್ಯಮ್ ನಂಬರ್ ಇರುವ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಬರೆದು, ಈ ನಿಯಮವನ್ನೂ ಎರಡು ಸಾಲಿನಲ್ಲಿ ಬರೆದು ಕಳಿಸಿದರು, ಬಾಕಿ ಬಂತು. ಇಂಥ ಹಕ್ಕನ್ನು ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಮೇಲಿಂದ ಮೂರು ಸಾವಿರ ಕೊಡೋದು ನೋಡಿದರೆ ನನಗೆ ಸಂಕಟ ಆಗುತ್ತದೆ.

  

ಮತ್ತೆ ಹೇಳುತ್ತೇನೆ, ಉದ್ಯಮ್ ಫ್ರೀ. ಹೆಸರು ಒಂದೇ ಥರ ಇರುವ ಖಾಸಗಿ ವೆಬ್‌ಸೈಟುಗಳು ಜಾಸ್ತಿ ಇವೆ, ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇದೆಯಾ ನೋಡಿ. ಓಟಿಪಿ ಬರದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಈಗಿನ ಮೊಬೈಲ್ ನಂಬರ್ ಜೋಡಿಸಿಕೊಂಡು ಬನ್ನಿ.