ಬೀದಿಗೆ ಚಾಚಿದ ಪಡಸಾಲೆ

ಕೇಳುಗರಿಗೆ ನಮಸ್ಕಾರ.

ಬೆಳಗಿನ ಐದು ಗಂಟೆ. ಕತ್ತಲ ಕೋಣೆಯಲ್ಲಿ ಯಾರೋ ಬ್ಯಾಗಿನ ಜಿಪ್ ಎಳೆಯುತ್ತಾರೆ. ಮಲಗಿದವರಿಗೆ ಎಚ್ಚರವಾಗಬಾರದೆಂದು ಒಂದೊಂದೇ ಹಲ್ಲು ಬಿಡಿಸುತ್ತಾ ಎಳೆಯುತ್ತಾರೆ. ಹಾಗೆ ಎಳೆಯುವುದರಿಂದಲೇ ಆ ಸದ್ದು ಮುಗಿಯುವುದೇ ಇಲ್ಲ. ಇಟಲಿಯ ಬೊಲೋನ್ಯ ನಗರವನ್ನು ನೆನೆದರೆ ನನ್ನ ಕಿವಿಗೆ ಮೊದಲು ಬರುವುದು ಚರ್ಚಿನ ಗಂಟೆಯಲ್ಲ, ಈ ಜಿಪ್ಪು.

ಬ್ಯಾಂಕಿನಿಂದ ನಿವೃತ್ತಳಾದ ವರ್ಷ ಬೆನ್ನಿಗೊಂದು ಚೀಲ ಏರಿಸಿಕೊಂಡು ಆ ಊರಿಗೆ ಹೋದೆ. ಆರು ರಾತ್ರಿ ಉಳಿದೆ. ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಾಗ ನನ್ನ ತಂಗಿ, "ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕಟ್ಟಿದ್ದೀ ಅಕ್ಕಾ?" ಎಂದಳು. ಅವಳ ತಪ್ಪಲ್ಲ. ನಮ್ಮಲ್ಲಿ ಹಾಸ್ಟೆಲ್ ಎಂದರೆ ವಾರ್ಡನ್, ಹಾಜರಿ ಪುಸ್ತಕ, ನೀರು ಸಾರು. ಅಲ್ಲಿನದು ಹೆಚ್ಚುಕಡಿಮೆ ನಮ್ಮ ಛತ್ರದ ತಮ್ಮ. ಬಾಡಿಗೆ ಮಾತ್ರ ಉಂಟು, ಅದೂ ಕೋಣೆಗಲ್ಲ, ಮಂಚಕ್ಕೆ.

ಹೆಂಗಸರ ಕೋಣೆ, ಒಂದರ ಮೇಲೊಂದರಂತೆ ಆರು ಮಂಚ. ನನ್ನ ಪಾಲಿಗೆ ಬಂದದ್ದು ಮೇಲಿನದು. ಏಣಿಯನ್ನೂ ನನ್ನ ಮೊಣಕಾಲನ್ನೂ ಒಮ್ಮೆ ನೋಡಿದ ಕೆಳಗಿನ ಹುಡುಗಿ, ಮಾತಿಲ್ಲದೆ ತನ್ನ ದಿಂಬನ್ನು ಮೇಲಕ್ಕೆ ಎಸೆದು ಏರಿಬಿಟ್ಟಳು. ಕೊರಿಯಾದ ಬೂಸಾನಿನವಳು, ನರ್ಸು, ಇಪ್ಪತ್ತಾರರ ವಯಸ್ಸು. ಆ ಸಂಜೆ ಅವಳು ನನ್ನನ್ನು ಹೆಸರು ಹಿಡಿದು ಕರೆದಳು. ಅಕ್ಕ ಇಲ್ಲ, ಆಂಟಿ ಇಲ್ಲ, ಮೇಡಂ ಇಲ್ಲ. ಬರಿಯ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವರು ಅಪ್ಪ, ಅವ್ವ ಮತ್ತು ಶಾಲೆಯ ಮೇಷ್ಟರು. ಮೊದಲ ಸಲ ಕಿವಿ ಬಿಸಿಯಾಯಿತು. ಮೂರನೆಯ ಸಲಕ್ಕೆ ಹಾಯೆನಿಸಿತು.

ಬೊಲೋನ್ಯಕ್ಕೆ ಅಲ್ಲಿಯವರು ಮೂರು ಅಡ್ಡಹೆಸರು ಇಟ್ಟಿದ್ದಾರೆ: ಕಲಿತವಳು, ಕೊಬ್ಬಿದವಳು, ಕೆಂಪಗಿನವಳು. ಕಲಿತವಳು ಏಕೆಂದರೆ ಅಲ್ಲಿನ ವಿಶ್ವವಿದ್ಯಾಲಯ ಹುಟ್ಟಿದ್ದು 1088ರಲ್ಲಿ ಎನ್ನುತ್ತಾರೆ. ಯುರೋಪಿನಲ್ಲಿ ಅದಕ್ಕಿಂತ ಹಳೆಯದಿಲ್ಲ. ಕೆಂಪು, ಇಟ್ಟಿಗೆಯ ಬಣ್ಣದಿಂದ. ರಾಜಕೀಯದ ಬಣ್ಣವೂ ಅದೇ. ಇನ್ನು ಆ ಕೊಬ್ಬು ನನ್ನಂಥ ಶಾಕಾಹಾರಿಗೆ ಬಂದ ಸಂಕಟ. ಬೆರಳ ತುದಿಯಷ್ಟೇ ಇರುವ ತೊರ್ತೆಲ್ಲೀನಿ, ನೋಡಲು ಪುಟಾಣಿ ಕಡುಬು, ಒಳಗೆ ಹಂದಿಮಾಂಸ. ರಿಕೋತ್ತಾ ಎಂಬ ಮೆದು ಗಿಣ್ಣು ತುಂಬಿದ ಅದರ ದೊಡ್ಡಕ್ಕ ತೊರ್ತೆಲ್ಲೋನಿಯನ್ನು ಬೆಣ್ಣೆಯಲ್ಲಿ ಹೊರಳಿಸಿ ಕೊಟ್ಟಾಗ ಬದುಕಿಕೊಂಡೆ. ಆದರೂ ಎಷ್ಟು ಹೊತ್ತು ಅದನ್ನೇ ತಿನ್ನುವುದು?

ಮೂರನೆಯ ರಾತ್ರಿ ಹಾಸ್ಟೆಲಿನ ಅಡುಗೆಮನೆಗೆ ಇಳಿದೆ. ಅಂಗಡಿಯಲ್ಲಿ ಸೆಮೊಲೀನೊ ಎಂಬ ಪೊಟ್ಟಣ ಸಿಕ್ಕಿತ್ತು. ಬಿಚ್ಚಿ ನೋಡಿದರೆ ನಮ್ಮ ರವೆಯೇ. ಸಾಸಿವೆ ಮತ್ತು ಒಣಗಿಸಿದ ಕರಿಬೇವು ಒಂದು ಡಬ್ಬಿಯಲ್ಲಿ ಊರಿನಿಂದಲೇ ಬಂದಿದ್ದವು. ಎಣ್ಣೆ ಕಾದು, ಸಾಸಿವೆ ಸಿಡಿದು, ಮೆಣಸಿನಕಾಯಿ ಬಿದ್ದದ್ದೇ ತಡ, ಮಾಳಿಗೆಯ ಹೊಗೆಗಂಟೆ ಕಿರುಚಿಕೊಂಡಿತು. ಮೂರು ಅಂತಸ್ತಿನ ಜನ ಒಳಬಟ್ಟೆಯಲ್ಲಿ, ಟವೆಲಿನಲ್ಲಿ, ಒಬ್ಬಾತ ಬಾಯಿ ತುಂಬ ಟೂತ್‌ಪೇಸ್ಟ್ ನೊರೆಯೊಂದಿಗೆ ಬೀದಿಗೆ ಇಳಿದರು. ನಾನು ಸೌಟು ಹಿಡಿದೇ ಇಳಿದೆ. ತಪ್ಪಿತಸ್ಥರು ಯಾರೆಂದು ಯಾರೂ ಕೇಳಬೇಕಾಗಲಿಲ್ಲ.

ಗಂಟೆ ನಿಂತ ಮೇಲೆ ಕಿಟಕಿಗಳನ್ನೆಲ್ಲ ತೆರೆದು, ಉಳಿದ ಕೆಲಸವನ್ನು ಪ್ರೇಕ್ಷಕರ ಸಮ್ಮುಖದಲ್ಲಿ ಮುಗಿಸಿದೆ. ನಾಲ್ಕು ಜನರ ಉಪ್ಪಿಟ್ಟನ್ನು ಹನ್ನೊಂದು ಜನ ತಿಂದರು. ದಕ್ಷಿಣದ ಪೂಲ್ಯ ಪ್ರಾಂತದ ಹುಡುಗನೊಬ್ಬ, ಕಾನೂನಿನ ವಿದ್ಯಾರ್ಥಿ, ಮೊದಲ ತುತ್ತಿಗೇ ನಕ್ಕುಬಿಟ್ಟ. ಜ್ವರ ಬಂದಾಗ ಅವನ ಅಜ್ಜಿ ಇದೇ ರವೆಯನ್ನು ಗಂಜಿಯಂತೆ ಕಾಯಿಸಿ ಕೊಡುತ್ತಿದ್ದಳಂತೆ. ನಮ್ಮಲ್ಲಿಯೂ ಹಾಗೆಯೇ, ಆದರೆ ನಾವು ಆರೋಗ್ಯವಿದ್ದಾಗಲೂ ಬಿಡುವುದಿಲ್ಲ ಎಂದೆ.

ಆ ಹುಡುಗ ಪ್ರವಾಸಿಯಲ್ಲ. ಊರಿನಲ್ಲಿ ಬಾಡಿಗೆ ಕೋಣೆ ಸಿಗದೆ ಎರಡು ತಿಂಗಳಿನಿಂದ ಹಾಸ್ಟೆಲಿನ ಮಂಚವೊಂದರಲ್ಲಿ ಓದುತ್ತಿದ್ದವನು. ಮರುದಿನ ನನಗೂ ಬೂಸಾನಿನ ಹುಡುಗಿಗೂ ಊರು ತೋರಿಸಿದವನು ಅವನೇ. ಆ ಊರಿನ ಪೋರ್ತಿಕೋಗಳನ್ನು ನಾನು ಚಿತ್ರಗಳಲ್ಲಿ ನೋಡಿದ್ದೆ: ಬೀದಿಯುದ್ದಕ್ಕೂ ಕಂಬ, ಮೇಲೆ ಕಮಾನು, ಅದರ ನೆರಳಿನಲ್ಲಿ ಕಾಲುದಾರಿ. ಹಳೆಯ ಊರಿನೊಳಗೇ ಸುಮಾರು 38 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಮಳೆ ಸುರಿಯುತ್ತಿತ್ತು, ನನ್ನ ಕೊಡೆ ಚೀಲದಲ್ಲೇ ಉಳಿಯಿತು.

ಇವು ಹುಟ್ಟಿದ ಬಗೆಯನ್ನು ಆತ ಹೇಳಿದ. ವಿದ್ಯೆ ಅರಸಿ ಬಂದವರು, ಕಸುಬು ಅರಸಿ ಬಂದವರು ಊರಲ್ಲಿ ತುಂಬಿದರು. ಮನೆಯವರು ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ ಹೆಚ್ಚು ಕೋಣೆ ಮಾಡಿಕೊಂಡರು. ಭಾರ ತಾಳದೆ ಕೆಳಗೆ ಕಂಬ ಕೊಟ್ಟರು. ಬೇರೆ ಊರುಗಳಾದರೆ ಇಂಥ ಅತಿಕ್ರಮಣವನ್ನು ಕೆಡವಿಸುತ್ತಿದ್ದವು. ಬೊಲೋನ್ಯ 1288ರಲ್ಲಿ ಕಾನೂನನ್ನೇ ಮಾಡಿತು: ಹೊಸ ಮನೆಗೆಲ್ಲ ಪೋರ್ತಿಕೋ ಇರಲೇಬೇಕು, ಕುದುರೆಯೇರಿದವನು ತಲೆ ತಾಗದೆ ಹೋಗುವಷ್ಟು ಎತ್ತರವೂ ಇರಬೇಕು. ಜಾಗ ಮನೆಯವನದು, ನಡೆಯುವ ಹಕ್ಕು ಊರಿನವರದು.

ಮೈಸೂರು ಕಡೆಯವರು ಇದನ್ನು ಜಗುಲಿ ಎಂದಾರು. ನಾನು ವಿಜಯಪುರದವಳು; ನಮ್ಮ ಕಡೆ ಜಗುಲಿ ಎಂದರೆ ದೇವರದು. ನನಗೆ ಇದು ಬೀದಿಗೆ ಚಾಚಿದ ಪಡಸಾಲೆಯಾಗಿಯೇ ಕಂಡಿತು: ಹೊರಗಿನವರು ಹೊಸಿಲು ದಾಟದೆ ಬಂದು ಕೂತು ಹೋಗುವ ಜಾಗ. "ಎಂಟು ನೂರು ವರ್ಷದ ಹಿಂದೆಯೂ ಕೋಣೆ ಸಾಲದೇ ಇತ್ತು, ಈಗಲೂ ಸಾಲದು. ಆಗ ಕಟ್ಟಿದರು, ಈಗ ಬಾಡಿಗೆ ಏರಿಸುತ್ತಾರೆ," ಎಂದ ಹುಡುಗ.

ಸಾನ್ ಲೂಕಾ ಗುಡ್ಡಕ್ಕೆ ಏರುವ ಪೋರ್ತಿಕೋ ಒಂದಿದೆ, 666 ಕಮಾನು, ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ಮೇ ತಿಂಗಳ ಆಸುಪಾಸಿನಲ್ಲಿ ಮೇರಿ ಮಾತೆಯ ಚಿತ್ರಪಟವನ್ನು ಗುಡ್ಡದಿಂದ ಊರಿಗೆ ಇಳಿಸಿ ತರುವ ಮೆರವಣಿಗೆಗೆ ಮಳೆ ತಾಗದಿರಲೆಂದು 1674ರಲ್ಲಿ ಕಟ್ಟಲು ತೊಡಗಿದ್ದು. ಕಮಾನುಗಳಿಗೆ ಹಣ ಕೊಟ್ಟವರ ಹೆಸರುಗಳು ಕಾಣುತ್ತವೆ. ನಮ್ಮ ಗುಡಿಗಳ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ಹೆಚ್ಚು ದಾನಿಯ ಹೆಸರೇ ಇರುತ್ತದಲ್ಲ, ಅದು ನೆನಪಾಯಿತು. ಮುನ್ನೂರರ ತನಕ ಎಣಿಸಿದೆ, ಆಮೇಲೆ ಉಸಿರು ಎಣಿಸಿದೆ.

ಇಳಿದ ಮೇಲೆ ಊರ ನಡುವಿನ ಚೌಕಕ್ಕೆ ಬಂದೆವು. ಪೊದೆಸ್ತಾ ಅರಮನೆಯ ಕೆಳಗೆ ನಾಲ್ಕು ದಾರಿ ಕೂಡುವ ಕಮಾನಿನ ಮಂಟಪ. ಅದರ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯವರಿಗೆ ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ನಡುವೆ ನಡೆಯುವವರಿಗೆ ಏನೂ ಇಲ್ಲ. ಹಿಂದೆ ಕುಷ್ಠರೋಗಿಗಳ ಪಾಪನಿವೇದನೆಯನ್ನು ಪಾದ್ರಿಗಳು ಇಲ್ಲಿ ದೂರ ನಿಂತು ಕೇಳುತ್ತಿದ್ದರಂತೆ. ಗೋಳಗುಮ್ಮಟದ ಊರಿನವಳಿಗೆ ಪಿಸುಮಾತಿನ ಪಾಠವೇ ಎಂದುಕೊಂಡೆ. ಆದರೆ ಗುಮ್ಮಟದಲ್ಲಿ ನಾವು ಪಿಸುಗುಟ್ಟಿದ್ದು ಎಲ್ಲಿ ಬಂತು? ಶಾಲೆಯ ಮಕ್ಕಳ ಕೂಗು, ಸಿಳ್ಳೆ, ಅದರ ಮಾರ್ದನಿ.

ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ ನಾನೊಂದು ಮೂಲೆ, ಬೂಸಾನಿನ ಹುಡುಗಿ ಇನ್ನೊಂದು ಮೂಲೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲಿನೊಳಗಿಂದ ಅವಳ ದನಿ ಬಂತು: ಕೆಲಸ ಬಿಟ್ಟು ಬಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ನಾಲ್ಕು ದಿನ ಒಂದೇ ಮಂಚದ ಮೇಲೆ ಕೆಳಗೆ ಮಲಗಿದವರು ನಾವು; ಮುಖ ನೋಡಿ ಆಡದ ಮಾತು ಬೆನ್ನು ತಿರುಗಿಸಿದಾಗ ಬಂದಿತ್ತು. ನಾನೂ ಗೋಡೆಗೆ ಹೇಳಿದೆ: ನನ್ನ ಅವ್ವನಿಗೆ ಎಂಬತ್ನಾಲ್ಕು. ದೊಡ್ಡ ಹೋಟೆಲಿನಲ್ಲಿ ಒಬ್ಬಳಿಗೇ ಕೋಣೆ ಎಂದು ಸುಳ್ಳು ಹೇಳಿ ಬಂದಿದ್ದೇನೆ. ಅವಳ ನಗು ಗೋಡೆಯಿಂದ ಬರಲಿಲ್ಲ, ನೇರವಾಗಿ ಮಂಟಪ ದಾಟಿ ಬಂತು.

ಹೊರಡುವ ದಿನ ಇಬ್ಬರೂ ರೈಲು ನಿಲ್ದಾಣದವರೆಗೆ ಬಂದರು. ಗೋಡೆಯ ಗಡಿಯಾರ 10.25 ತೋರಿಸುತ್ತಿತ್ತು, ನನ್ನ ರೈಲು 9.50ಕ್ಕೆ. ತಪ್ಪಿತಲ್ಲ ಎಂದು ಓಡಲು ಹೊರಟವಳನ್ನು ಹುಡುಗ ತೋಳು ಹಿಡಿದು ನಿಲ್ಲಿಸಿದ. ಅದು ನಿಂತ ಗಡಿಯಾರ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ಅಲ್ಲಿನ ನಿರೀಕ್ಷಣಾ ಕೊಠಡಿಯಲ್ಲಿ ನವಫ್ಯಾಸಿಸ್ಟರ ಬಾಂಬು ಸಿಡಿದು 85 ಜನ ಸತ್ತರು. ರಜೆಗೆ ಹೊರಟಿದ್ದವರು, ಚೀಲ ಹಿಡಿದು ಕೂತಿದ್ದವರು. ಒಳಗೆ ಕಲ್ಲಿನ ಮೇಲೆ ಹೆಸರು, ಪಕ್ಕದಲ್ಲಿ ವಯಸ್ಸು. ಮೂರು ವರ್ಷದ ಮಗುವಿದೆ, ಎಂಬತ್ತಾರರ ವೃದ್ಧರಿದ್ದಾರೆ. ಹುಡುಗ ಏನೂ ವಿವರಿಸಲಿಲ್ಲ. ಹುಡುಗಿ ಕೊನೆಯ ಹೆಸರಿನವರೆಗೂ ಓದಿದಳು.

ಸಾಸಿವೆ, ಕರಿಬೇವಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟು ರೈಲು ಹತ್ತಿದೆ. ತಿಂಗಳಾದ ಮೇಲೆ ಮೊಬೈಲಿಗೆ ಒಂದು ಚಿತ್ರ ಬಂತು. ಕೊನೆಗೂ ಸಿಕ್ಕ ಬಾಡಿಗೆ ಕೋಣೆ, ಒಂದು ತಟ್ಟೆ, ಅದರಲ್ಲಿ ಗಂಟುಗಂಟಾದ ಉಪ್ಪಿಟ್ಟು. ಕೆಳಗೆ ಬರೆದಿದ್ದ: ಕಿಟಕಿ ಮೊದಲೇ ತೆರೆದಿಟ್ಟಿದ್ದೆ.

ನಮಸ್ಕಾರ.