ಬಿದಿರಿನ ಬೆಲೆ ಯಾರ ಕೈಗೆ?

ಪುಣೆಯ ಕನ್ನಡ ಕೇಳುಗರೆಲ್ಲರಿಗೂ ನಮಸ್ಕಾರ. ಅರಣ್ಯ ಆಧಾರಿತ ಉದ್ಯಮಗಳಿಂದ ಗ್ರಾಮೀಣ ಜಿಲ್ಲೆಯ ಆರ್ಥಿಕತೆಯ ಮೇಲೆ ಆಗುವ ಪರಿಣಾಮದ ಬಗ್ಗೆ ಮಾತನಾಡಿ ಎಂದು ಬಾನುಲಿಯವರು ನನ್ನನ್ನು ಕರೆದಿದ್ದಾರೆ. ವಿಷಯದ ಹೆಸರು ಭಾರವಾಗಿದೆ, ಆದರೆ ಕೇಳಬೇಕಾದ ಪ್ರಶ್ನೆ ಒಂದೇ. ಕಾಡಿನಿಂದ ಒಂದು ಗಳ ಬಿದಿರು ಹೊರಗೆ ಹೋದಾಗ ಅದರ ಬೆಲೆ ಯಾರ ಕೈ ಸೇರಿತು? ಕಡಿದವನಿಗೆ ಸಿಕ್ಕ ಕೂಲಿಯನ್ನು ನಾನು ಕೇಳುತ್ತಿಲ್ಲ, ಬಿದಿರಿನ ಬೆಲೆಯನ್ನು ಕೇಳುತ್ತಿದ್ದೇನೆ. ಈ ಎರಡನ್ನು ಬೆರೆಸದಿದ್ದರೆ ಅರ್ಧ ಅರ್ಥಶಾಸ್ತ್ರ ಕಲಿತಂತೆಯೇ.

ನಿಮ್ಮಲ್ಲಿ ಹಲವರು ಹಳಿಯಾಳ, ಜೋಯಿಡಾ, ಖಾನಾಪುರದ ಕಡೆಯವರು, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರು. ಊರಿನ ಸುತ್ತ ಅಷ್ಟು ದೊಡ್ಡ ಕಾಡು ಇದ್ದರೂ ದುಡಿಮೆಗೆ ಇಷ್ಟು ದೂರ ಏಕೆ ಬರಬೇಕಾಯಿತು? ಉತ್ತರ ಆ ಬೆಲೆಯ ಪ್ರಶ್ನೆಯೊಳಗೇ ಇದೆ.

ಉತ್ತರ ಕನ್ನಡ ಜಿಲ್ಲೆಯ ದಂಡೇಲಿಯನ್ನು ನೋಡೋಣ. ಬ್ರಿಟಿಷರ ಕಾಲದಲ್ಲಿ ಅಳ್ನಾವರದಿಂದ ದಂಡೇಲಿಗೆ ರೈಲು ಹಳಿ ಹಾಕಿದ್ದು ಮರದ ದಿಮ್ಮಿಗಳನ್ನು ಸಾಗಿಸಲು. ಆಮೇಲೆ ಪ್ಲೈವುಡ್ ಕಾರ್ಖಾನೆ ಬಂತು. 1950ರ ದಶಕದ ಕೊನೆಗೆ ಕಾಳಿ ನದಿಯ ದಂಡೆಯಲ್ಲಿ ಕಾಗದದ ಕಾರ್ಖಾನೆ ಶುರುವಾಯಿತು. ಸಾವಿರಾರು ಮನೆಗಳಲ್ಲಿ ಒಲೆ ಹೊತ್ತಿತು, ಹಳ್ಳಿ ಪಟ್ಟಣವಾಯಿತು. ಇದು ನಿಜ, ಒಳ್ಳೆಯದೂ ಹೌದು. ಆದರೆ ನಾನು ಮಾತನಾಡಲು ಹೋದ ಕಡೆಯೆಲ್ಲ ಯಾರಾದರೂ ಎದ್ದು ಇಷ್ಟನ್ನೇ ಹೇಳಿ, ಲೆಕ್ಕ ಮುಗಿಯಿತೆಂಬಂತೆ ಕುಳಿತುಬಿಡುತ್ತಾರೆ. ಸ್ವಾಮಿ, ಅದು ಕೂಲಿಯ ಲೆಕ್ಕ. ಬೆಲೆಯ ಲೆಕ್ಕ ಇನ್ನೂ ಬಾಕಿ ಇದೆ.

ಆ ಲೆಕ್ಕ ಹೀಗಿದೆ. ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ ಕೆಲವೇ ರೂಪಾಯಿಯಂತೆ ಕೊಟ್ಟಿತು. ಅದೇ ಬಿದಿರನ್ನು ಪೇಟೆಯಲ್ಲಿ ಕೊಳ್ಳುವ ಮೇದಾರರು ಅದರ ನೂರಾರು ಪಟ್ಟು ತೆರಬೇಕಾಗಿತ್ತು. ಮೇದಾರರು ಗೊತ್ತಲ್ಲ? ಪುಣೆಯ ಬುರುಡ ಆಳಿಯಲ್ಲಿ ಮೊರ, ಬುಟ್ಟಿ, ಏಣಿ ಮಾರುತ್ತಾರಲ್ಲ, ಅದೇ ಕಸುಬಿನವರು. ಕಾರ್ಖಾನೆಯ ಯಂತ್ರ ಒಂದು ದಿನದಲ್ಲಿ ಅರೆಯುವ ಬಿದಿರಿನಿಂದ ಮೇದಾರರ ಓಣಿಯೊಂದು ವರ್ಷಗಟ್ಟಲೆ ಉಣ್ಣುತ್ತದೆ. ಅಗ್ಗದ ಬಿದಿರು ಯಂತ್ರಕ್ಕೆ, ದುಬಾರಿ ಬಿದಿರು ಮನುಷ್ಯನಿಗೆ. ಇದಕ್ಕೆ ಅಭಿವೃದ್ಧಿ ಎಂಬ ಹೆಸರು ಸುಲಭವಾಗಿ ಸಿಕ್ಕಿತು.

1970ರ ದಶಕದ ಹೊತ್ತಿಗೆ ಉತ್ತರ ಕನ್ನಡದಲ್ಲಿ ಬಿದಿರು ಕಡಿಮೆಯಾಗುತ್ತಾ ಬಂತು. ಕಾರ್ಖಾನೆಯೇ ಕಾಡನ್ನು ಖಾಲಿ ಮಾಡುತ್ತಿದೆ ಎಂದು ಬುಟ್ಟಿ ಹೆಣೆಯುವವರು ದೂರಿದರು. ಹಳ್ಳಿಯ ದನ ಮೇಯುವುದರಿಂದ, ಬೆಂಕಿಯಿಂದ ಹೀಗಾಗಿದೆ ಎಂದು ಕಾರ್ಖಾನೆಯ ಕಡೆಯವರು ವಾದಿಸಿದರು. ನಿಜ ಏನೆಂದು ತಿಳಿಯಲು ಸರ್ಕಾರ ಕೇಳಿಕೊಂಡದ್ದು ಮಾಧವ ಗಾಡ್ಗೀಳರನ್ನು. ಪುಣೆಯಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದ ಪರಿಸರ ವಿಜ್ಞಾನಿ. ಈ ಪ್ರಸಂಗವನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಹೆಬ್ಬಿದಿರಿನ ಮೆಳೆಯನ್ನು ನೀವು ನೋಡಿದ್ದೀರಿ. ಬುಡದಲ್ಲಿ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು, ಕೈ ಹಾಕಲಾಗದಷ್ಟು ದಟ್ಟವಾಗಿರುತ್ತವೆ. ಅರಣ್ಯಶಾಸ್ತ್ರ ಓದಿದವರು ಈ ಮುಳ್ಳನ್ನು ಕಸವೆಂದು ಬಗೆದರು. ಬುಡ ಚೊಕ್ಕಟವಾದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ, ಕಡಿಯುವುದೂ ಸುಲಭ ಎಂದುಕೊಂಡು ಕಾರ್ಖಾನೆಯ ಕೂಲಿಗಳಿಂದ ಮುಳ್ಳು ಸವರಿಸಿದರು. ಗಾಡ್ಗೀಳರು ಕಾಡು ಸುತ್ತಿ ಹಳ್ಳಿಯವರನ್ನು ಕೇಳಿದರೆ ಅವರು ಹೇಳಿದ್ದೇ ಬೇರೆ. ಮುಳ್ಳು ತೆಗೆದರೆ ಬಿದಿರು ಉಳಿಯುವುದಿಲ್ಲ! ಮಳೆಗಾಲದಲ್ಲಿ ಕಳಲೆ ಏಳುತ್ತದೆ. ನಮ್ಮ ಕಡೆ ಪಲ್ಯ ಮಾಡುವ ಆ ಎಳೆಯ ಕಳಲೆ ನಮಗಷ್ಟೇ ರುಚಿಯಲ್ಲ; ದನಕ್ಕೂ ರುಚಿ, ಮುಳ್ಳುಹಂದಿಗೂ ರುಚಿ, ಮುಸುವಕ್ಕೂ ರುಚಿ. ಅವುಗಳ ಬಾಯಿಯಿಂದ ಅದನ್ನು ಕಾಯುತ್ತಿದ್ದದ್ದು ಆ ಮುಳ್ಳು. ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆ ಗಳವಾಗುವ ಮೊದಲೇ ತಿಂದುಹೋಗುತ್ತಿತ್ತು. ಹಳೆಯ ಗಳಗಳನ್ನು ಕಡಿದು ಒಯ್ದ ಮೇಲೆ ಆ ಜಾಗಕ್ಕೆ ಹೊಸದು ಬರುತ್ತಿರಲಿಲ್ಲ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯೆಂದು ಸಾಬೀತಾಯಿತು.

ಹಳ್ಳಿಯವರಿಗೆ ಇದು ಗೊತ್ತಿತ್ತು, ಏಕೆಂದರೆ ಮುಂದಿನ ವರ್ಷವೂ ಅದೇ ಮೆಳೆಗೆ ಅವರು ಬರಬೇಕಾಗಿತ್ತು. ಟನ್ನಿಗೆ ಕೆಲವು ರೂಪಾಯಿ ಕೊಟ್ಟವರಿಗೆ ಆ ಚಿಂತೆ ಏಕೆ? ಈ ಕಾಡು ಬರಿದಾದರೆ ಇನ್ನೊಂದು ಕಾಡು, ಅದೂ ಮುಗಿದರೆ ಪಕ್ಕದ ರಾಜ್ಯ. ಬೆಲೆ ಕೊಡದೆ ಪಡೆದದ್ದನ್ನು ಯಾರೂ ಕಾಯುವುದಿಲ್ಲ. ಬೆಲೆ ತಮ್ಮ ಕೈಗೆ ಬಾರದಿದ್ದರೆ ಊರಿನವರಿಗೂ ಕಾಯುವ ಬಲ ಉಳಿಯುವುದಿಲ್ಲ.

ಕಥೆಯಲ್ಲಿ ಬಹಳ ಹೊತ್ತು ಹೋಯಿತು, ಮುಂದಿನದನ್ನು ಬೇಗ ಹೇಳುತ್ತೇನೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಉದ್ಯಮಗಳಿಗೆ ರಿಯಾಯಿತಿ ದರದಲ್ಲಿ ಕಾಡಿನ ಉತ್ಪನ್ನ ಕೊಡುವುದು ನಿಲ್ಲಬೇಕೆಂದಿತು. ಕಾಗದ ಕಾರ್ಖಾನೆಗಳು ರೈತರ ಹೊಲದ ನೀಲಗಿರಿ, ಸುಬಾಬುಲ್ ಮರಗಳ ಕಡೆ ತಿರುಗಿದವು. ರೈತನಿಗೆ ಬೆಲೆ ಸಿಗತೊಡಗಿತು. ಕಾಡಿನ ಊರಿಗೆ ಮಾತ್ರ ಸಿಗಲಿಲ್ಲ.

ಕಾಡಿನ ಊರಿಗೂ ಬೆಲೆ ಸಿಗುವ ಬದಲಾವಣೆ ಬಂದದ್ದು ನಮ್ಮ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಲ್ಲಿ ಮೇಂಢಾ-ಲೇಖಾ ಎಂಬ ಗೊಂಡರ ಹಳ್ಳಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಆ ಹಳ್ಳಿಗೆ ಸಾಮುದಾಯಿಕ ಹಕ್ಕು ಬಂತು. ಹಕ್ಕುಪತ್ರ ಬಂದರೂ ಬಿದಿರು ಸಾಗಿಸುವ ಪರವಾನಗಿ ಪುಸ್ತಕ ಬರಲಿಲ್ಲ. ಬಿದಿರು ಕಿರು ಅರಣ್ಯ ಉತ್ಪನ್ನ, ಅಂದರೆ ಊರಿನವರೇ ಸಂಗ್ರಹಿಸಿ ಮಾರಬಹುದಾದ ವಸ್ತು, ಎಂದು ಕಾಯ್ದೆಯಲ್ಲಿಯೇ ಬರೆದಿದ್ದರೂ ಅರಣ್ಯ ಇಲಾಖೆ ಒಪ್ಪಲಿಲ್ಲ. ಕೊನೆಗೆ 2011ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಹಳ್ಳಿಗೇ ಬಂದು ಆ ಪುಸ್ತಕವನ್ನು ಗ್ರಾಮಸಭೆಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ಟೆಂಡರ್ ಕರೆದದ್ದು ಗ್ರಾಮಸಭೆ, ದರ ನಿಗದಿ ಮಾಡಿದ್ದು ಗ್ರಾಮಸಭೆ. ಕಡಿದವರಿಗೆ ಕೂಲಿಯೂ ಬಂತು, ಊರಿನ ಖಾತೆಗೆ ಬೆಲೆಯೂ ಬಂತು.

ಈಗ ನಿಮಗೆ ಒಂದು ಕೆಲಸ. ಹಬ್ಬಕ್ಕೆ ಊರಿಗೆ ಹೋದಾಗ ಅರಣ್ಯ ಹಕ್ಕು ಸಮಿತಿಯವರನ್ನು ಹುಡುಕಿ, ಯಾವ ನಮೂನೆಯಲ್ಲಿ ಅರ್ಜಿ ಹಾಕಿದ್ದೀರಿ ಎಂದು ಕೇಳಿ. ಬಹಳಷ್ಟು ಕಡೆ ಮನೆ ಮತ್ತು ಹೊಲಕ್ಕಾಗಿ 'ಎ' ನಮೂನೆ ತುಂಬಿ ಸುಮ್ಮನಾಗಿರುತ್ತಾರೆ. ಅದು ವೈಯಕ್ತಿಕ ಹಕ್ಕು. ಬಿದಿರು, ಜೇನಿನಂಥ ಉತ್ಪನ್ನಗಳ ಸಾಮುದಾಯಿಕ ಹಕ್ಕಿಗೆ 'ಬಿ' ನಮೂನೆ, ಊರಿನ ಕಾಡನ್ನು ಊರೇ ಕಾಯ್ದು ನಿರ್ವಹಿಸುವ ಹಕ್ಕಿಗೆ 'ಸಿ' ನಮೂನೆ. ಅರ್ಜಿಯನ್ನು ಗ್ರಾಮಸಭೆಗೇ ಕೊಡಬೇಕು; ಅಲ್ಲಿಂದ ಉಪವಿಭಾಗ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕೊಟ್ಟವರು ಸ್ವೀಕೃತಿ ಚೀಟಿ ತೆಗೆದುಕೊಳ್ಳುವುದನ್ನು ಮರೆಯಬಾರದು. ನಮಸ್ಕಾರ.